ಮೀಟರ್ ಆಮೇಲೆ ತಗೊಳ್ಳಿ, ಮೊದಲು ದೂರ ನೋಡಿ

ಟ್ರಂಕಿನಲ್ಲಿ ಸಿಕ್ಕ ಹಳೆ ಕ್ಯಾಮೆರಾದ ಫೋಟೊ ಕಳಿಸಿ "ಅಣ್ಣಾ, ಲೈಟ್ ಮೀಟರ್ ಯಾವುದು ತಗೊಳ್ಳಲಿ?" ಅಂತ ಈ ತಿಂಗಳಲ್ಲೇ ಮೂವರು ಕೇಳಿದ್ದಾರೆ. ಬೆಳಕು ಅಳೆದು ಕ್ಯಾಮೆರಾಗೆ ಏನು ಇಡಬೇಕು ಅಂತ ಹೇಳೋ ಸಾಧನ ಅದು. ಸದ್ಯಕ್ಕೆ ಯಾವುದೂ ಬೇಡ. ಆ ದುಡ್ಡಿಗೆ ದೂರ ಅಳೆಯುವ ಒಂದು ರೇಂಜ್‌ಫೈಂಡರ್ ಹುಡುಕಿ.

ನನ್ನದು ಮಾವನಿಂದ ಬಂದ ಅಗ್ಫಾ ಇಸೊಲೆಟ್ 2. ಮಡಚುವ ಕ್ಯಾಮೆರಾ, 120 ಅನ್ನೋ ಅಗಲದ ಫಿಲ್ಮ್ ರೋಲು, 12 ಫೋಟೊ. ಮೀಟರ್ ಇಲ್ಲ. ಫೋಕಸ್ ಆಯ್ತೋ ಇಲ್ಲವೋ ಅಂತ ನೋಡೋದಕ್ಕೂ ಏನಿಲ್ಲ. ದೂರ ಊಹಿಸಿ, ಲೆನ್ಸ್ ಸುತ್ತ ಇರುವ ಅಡಿ ಅಂಕಿಗೆ ತಿರುಗಿಸಬೇಕು. ಕ್ಯಾಮೆರಾದ ತಲೆ ಮೇಲೆ ಇಂಥ ಸಾಧನ ಕೂರಿಸೋ ಗಾಡಿ, ಅಂದರೆ ಶೂ, ಇರೋದು ಒಂದೇ. ಮೀಟರ್ ಕೂರಿಸಿದರೆ ರೇಂಜ್‌ಫೈಂಡರ್‌ಗೆ ಜಾಗ ಇಲ್ಲ. ನಾನೂ ಎಲ್ಲರ ಹಾಗೆ ಮೀಟರನ್ನೇ ಕೂರಿಸಿದೆ.

ಹಾಗೇ ಕೊಪ್ಪಳ ಜಿಲ್ಲೆಯ ಇಟಗಿಗೆ ಹೋದೆವು. 1112ರ ಮಹಾದೇವ ದೇವಸ್ಥಾನ, ಒಳಗೆ ಮುಖ ಕಾಣುವಷ್ಟು ನುಣುಪಾದ ಕಂಬಗಳು. ತಂಗಿಯನ್ನು ಒಂದು ಕಂಬದ ಮುಂದೆ ನಿಲ್ಲಿಸಿದೆ. ಮೀಟರ್ ಲೆನ್ಸಿನ ಕಿಂಡಿ 4.5, ಶಟರ್ 1/25 ಸೆಕೆಂಡು ಅಂತು. ಏಳಡಿ ಇರಬೇಕು ಅಂದುಕೊಂಡು, ಉಸಿರು ಬಿಗಿಹಿಡಿದು ಒತ್ತಿದೆ. ರೋಲು ತೊಳೆದು ಬಂದಾಗ ಬೆಳಕು ಸರಿಯಾಗೇ ಇತ್ತು. ಕಂಬದ ಗೆರೆಗಳನ್ನು ಎಣಿಸಬಹುದಿತ್ತು. ತಂಗಿಯ ಮುಖ ಮಾತ್ರ ಮಂಜು ಮಂಜು. "ಕಂಬದ ಫೋಟೊ ತೆಗಿಯೂದಿದ್ರ ನನ್ನ ಯಾಕ ಅಡ್ಡ ನಿಲ್ಲಿಸಿದ್ದಿ?" ಅಂದಳು.

4.5ರಲ್ಲಿ ಏಳಡಿ ದೂರಕ್ಕೆ ಚೆನ್ನಾಗಿ ಕಾಣೋದು ಹಿಂದೆ ಮುಂದೆ ಸೇರಿ ಒಂದಡಿ ಅಷ್ಟೇ. ಬೆಳಕು ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು, ಬಿದ್ದರೂ ನೆಗೆಟಿವ್ ತಡೆದುಕೊಳ್ಳುತ್ತದೆ. ತಪ್ಪಿದ ಫೋಕಸ್ಸನ್ನು ಯಾರೂ ಸರಿಮಾಡಲಾರರು. ಇನ್ನು ಹೊರಗೆ? ಕೊಪ್ಪಳದ ಬಿಸಿಲಿಗೆ ಮೀಟರ್ ಯಾಕೆ ಹೇಳಿ! ISO 100ರ ಫಿಲ್ಮ್ ಇದ್ದರೆ ಕಿಂಡಿ 16, ಶಟರ್ 1/100. ಮುಗೀತು. ಒಳಗಡೆಗೆ ಬೆಳಕು ಅಳೆಯೋ ಫೋನಿನ ಆಪ್ ಸಾಕು. ಬ್ಯಾಟರಿ ಇಲ್ಲದೆ ನಡೆಯೋ ಹಳೆ ಸೆಲೆನಿಯಂ ಮೀಟರ್ ಎಷ್ಟೋ ಸಲ ಸುಸ್ತಾಗಿರುತ್ತದೆ. 1.35 ವೋಲ್ಟಿನ ಮರ್ಕ್ಯುರಿ ಬ್ಯಾಟರಿ ಬೇಡುವ ಮೀಟರಿಗೆ ಈಗಿನ 1.5ರದ್ದು ಹಾಕಿದರೆ ಮುಳ್ಳು ಸುಳ್ಳು ಹೇಳಬಹುದು. ಅದಕ್ಕೆ ಕಿವಿ ಮಷೀನಿನ 675 ಬ್ಯಾಟರಿ ವಾಸಿ, ಗಾತ್ರ ಚಿಕ್ಕದು ಅಂತ ಸುತ್ತ ಒಂದು ವಾಷರ್ ಇಡಬೇಕು.

ರೇಂಜ್‌ಫೈಂಡರ್ ಬೆರಳುದ್ದದ ಡಬ್ಬಿ. ಅದರ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿಗೆ ನಿಂತವರ ಮೂಗು ಎರಡು ಕಾಣುತ್ತದೆ. ಪಕ್ಕದ ಚಕ್ರ ತಿರುಗಿಸುತ್ತಾ ಹೋದರೆ ಎರಡೂ ಮೂಗು ಸರಿದು ಬಂದು ಒಂದಾಗುತ್ತವೆ. ಆಗ ಚಕ್ರದ ಮೇಲಿನ ಅಂಕಿ ಓದಿ ಲೆನ್ಸಿಗೆ ಇಡೋದು. ಹಳೇದು ಕೊಳ್ಳುವಾಗ ಚಕ್ರವನ್ನು ಕೊನೆಯ ಗುರುತಿಗೆ ಇಟ್ಟು ದೂರದ ಗುಡ್ಡ ನೋಡಿ. ನಾನು ಮಾಳಿಗೆ ಹತ್ತಿ ಕೋಟೆ ಬೆಟ್ಟದ ತುದಿ ನೋಡಿದೆ. ಎರಡು ತುದಿ ಕಂಡರೆ ಅದು ಕೆಟ್ಟಿದೆ ಅಂತಲ್ಲ, ಒಳಗಿನ ಸ್ಕ್ರೂ ಸ್ವಲ್ಪ ತಿರುಗಿಸಬೇಕು ಅಂತ. ಎರಡನೇ ಚಿತ್ರ ತೀರಾ ಮಸುಕಾಗಿದ್ದರೆ ಮಾತ್ರ ಬಿಟ್ಟುಬಿಡಿ, ಕನ್ನಡಿ ಹೋಗಿರುತ್ತದೆ.

ಇನ್ನೊಂದು, ಅಂಕಿ ಅಡಿಯೋ ಮೀಟರೋ ಕೇಳಿಕೊಳ್ಳಿ. ನನ್ನ ರೇಂಜ್‌ಫೈಂಡರ್‌ನಲ್ಲಿ ಅಂಕಿ ಮೀಟರಿನ ಲೆಕ್ಕದಲ್ಲಿತ್ತು, ಲೆನ್ಸಿನಲ್ಲಿ ಅಡಿ. 5 ಅಂದದ್ದಕ್ಕೆ 5ನ್ನೇ ಇಟ್ಟು ಇನ್ನೊಂದು ರೋಲು ಹಾಳು ಮಾಡಿದೆ. ಈಗ ಕ್ಯಾಮೆರಾದ ಬೆನ್ನಿಗೆ ತಂಗಿ ಬರೆದ ಚೀಟಿ ಅಂಟಿದೆ: 2 ಅಂದ್ರ ಆರೂವರಿ, 3 ಅಂದ್ರ ಹತ್ತು.