ಮಳೆಯ ಮೇಲೆ ಗೂಬೆ ಕೂರಿಸುವ ಮುಂಚೆ

ಬೆಳೆಯುತ್ತಿರುವ ಯಾವ ನಗರವನ್ನೇ ನೋಡಿ, ಮನೆಗಳಿಗೆ ನೀರು ನುಗ್ಗಿದ ಮರುದಿನ ಕೇಳಿಬರುವ ಮಾತು ಒಂದೇ. "ಹಿಂದೆಂದೂ ಕಾಣದ ಮಳೆ. ಹವಾಮಾನವೇ ಬದಲಾಗಿದೆ, ಏನ್ ಮಾಡೋಕಾಗುತ್ತೆ?" ಈ ಮಾತು ಅರ್ಧ ನಿಜ. ಅದಕ್ಕೇ ಅದು ಅಧಿಕಾರದಲ್ಲಿರುವವರಿಗೆ ಅಷ್ಟು ಪ್ರಿಯ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಜೋರಾಗಿಯೇ ಸುರಿಯುತ್ತದೆ. ಇದು ಯಾವ ಪಾಲಿಕೆಯ ಕೈಯಲ್ಲೂ ಇಲ್ಲ, ಒಪ್ಪೋಣ. ಆದರೆ ಆ ನೀರು ಯಾರ ಮನೆಗೆ ನುಗ್ಗಬೇಕು ಅನ್ನೋದನ್ನು ಮೋಡ ತೀರ್ಮಾನಿಸುವುದಿಲ್ಲ. ಕೆರೆಯಂಗಳದಲ್ಲಿ ಬಡಾವಣೆಗೆ ಒಪ್ಪಿಗೆ ಕೊಟ್ಟವರು, ಹಳ್ಳದ ಮೇಲೆ ಚಪ್ಪಡಿ ಎಳೆದು ಪಾರ್ಕಿಂಗ್ ಮಾಡಿದವರು ಅದನ್ನು ಎಂದೋ ತೀರ್ಮಾನಿಸಿರುತ್ತಾರೆ.

ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಊರೇ ಮುಳುಗಿತ್ತು. ಮರುವರ್ಷವೇ ಅವರು ಯೋಜನೆ ಸಿದ್ಧಮಾಡಿದರು. ಉದ್ಯಾನಗಳನ್ನು ತಗ್ಗಿಸಿ ನೀರು ನಿಲ್ಲಲು ಜಾಗ ಮಾಡುವುದು, ಕೆಲವು ರಸ್ತೆಗಳನ್ನು ಮಳೆ ಬಂದಾಗ ಕಾಲುವೆಯಂತೆ ಹರಿಯಲು ಬಿಡುವುದು, ಹೀಗೆ. ಚೆನ್ನಾಗಿದೆ. ಆದರೆ ಅದು ಕಟ್ಟಿ ಮುಗಿದ ಹಳೆಯ ನಗರ. ಕಟ್ಟಿದ್ದನ್ನು ಅಗೆದು ಜಾಗ ಹುಡುಕಬೇಕು. ಅದು ದಶಕಗಳ ಕೆಲಸ, ಖರ್ಚೂ ಭಾರೀ. ಈಗ ಬೆಳೆಯುತ್ತಿರುವ ನಗರಕ್ಕೆ ಆ ಕಷ್ಟವಿಲ್ಲ. ಅದರ ಅಂಚಿನಲ್ಲಿ ಇನ್ನೂ ಹೊಲವಿದೆ, ತಗ್ಗಿದೆ, ಹಳ್ಳವಿದೆ. ಅದನ್ನು ಸುಮ್ನೆ ಹಾಗೇ ಬಿಟ್ಟರೆ ಸಾಕು. ಆದರೆ ಸುಮ್ನೆ ಬಿಡೋದಕ್ಕೆ ಟೆಂಡರ್ ಕರೆಯೋಕಾಗಲ್ಲ ನೋಡಿ! ಮೊದಲು ಮುಚ್ಚಿ, ಆಮೇಲೆ ದೊಡ್ಡ ಚರಂಡಿ ಕಟ್ಟುವುದರಲ್ಲಿ ಎರಡು ಸಲ ಕೆಲಸ ಹುಟ್ಟುತ್ತದೆ.

ಹಾಗಂತ ತಗ್ಗು ಉಳಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಚೀನಾದ ಝೆಂಗ್‌ಝೌ ನಗರವು ಮಳೆನೀರು ಹೀರುವ "ಸ್ಪಂಜ್ ಸಿಟಿ" ಆಗಲು ಸಾಕಷ್ಟು ಹಣ ಹಾಕಿತ್ತು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಬಿತ್ತು. ಮೆಟ್ರೋ ಸುರಂಗಕ್ಕೆ ನೀರು ನುಗ್ಗಿ 14 ಮಂದಿ ಸತ್ತರು. ಅಂಥ ಮಳೆಯನ್ನು ಯಾವ ಉದ್ಯಾನವೂ ಹೀರಲಾರದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತ್ತು, ರೈಲು ಮಾತ್ರ ಓಡುತ್ತಲೇ ಇತ್ತು. ಆ ಹೊತ್ತಿಗೆ ಬೇಕಿದ್ದದ್ದು ಸಿಮೆಂಟಲ್ಲ, "ನಿಲ್ಲಿಸಿ" ಅನ್ನುವ ಧೈರ್ಯ.

ಮಳೆಗಾದರೆ ಟಿವಿ ಕ್ಯಾಮೆರಾ ಬರುತ್ತದೆ. ಬಿಸಿಲಿಗೆ ಅದೂ ಇಲ್ಲ. ಕಾಂಕ್ರೀಟು, ಡಾಂಬರು ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಬಿಡುತ್ತವೆ. ಎಸಿಗಳು ಒಳಗಿನ ಬಿಸಿಯನ್ನು ಬೀದಿಗೆ ತಳ್ಳುತ್ತವೆ. ರಾತ್ರಿಯೂ ತಂಪಾಗದಿದ್ದರೆ ದೇಹ ಸುಧಾರಿಸಿಕೊಳ್ಳುವುದಾದರೂ ಯಾವಾಗ? ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಯೋಜನೆ ತಂದಿತು. ಮುನ್ಸೂಚನೆ, ಜನರಿಗೆ ತಿಳುವಳಿಕೆ, ಕುಡಿಯುವ ನೀರು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಇಷ್ಟೇ. ದೊಡ್ಡ ಕಟ್ಟಡ ಯಾವುದೂ ಬೇಕಾಗಲಿಲ್ಲ.

ಆದರೂ "ಮಧ್ಯಾಹ್ನ ಹೊರಗೆ ಬರಬೇಡಿ" ಅನ್ನುವ ಸಲಹೆ ಕೇಳಿದಾಗಲೆಲ್ಲ ನನಗೆ ಕಿರಿಕಿರಿ. ಈ ನಗರಗಳನ್ನು ಎಬ್ಬಿಸಿ ನಿಲ್ಲಿಸುತ್ತಿರುವವರು ಯಾರು? ಹಗಲು ಸೆಂಟ್ರಿಂಗ್ ಮೇಲೆ ನಿಂತು, ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗುವವರು. ಶೆಡ್ಡು ಇರುವುದೂ ಹೆಚ್ಚಾಗಿ ತಗ್ಗಿನಲ್ಲೇ, ಅಂದರೆ ನೆರೆಯೂ ಮೊದಲು ಅವರಿಗೇ. ಕತಾರ್‌ನಲ್ಲಿ 2021ರಿಂದ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಇಂಥ ನಿಯಮ ಬೆಳೆಯುವ ಪ್ರತಿ ನಗರಕ್ಕೂ ಬೇಕು. ಆ ಗಂಟೆಗಳ ಕೂಲಿ ಯಾರು ಕೊಡಬೇಕು ಅನ್ನೋದನ್ನೂ ಅದರಲ್ಲೇ ಬರೆಯಬೇಕು. ಕೂಲಿ ಕಡಿತವಾಗುತ್ತದೆ ಅಂತಾದರೆ ಯಾರು ತಾನೇ ನೆರಳಿಗೆ ಬರುತ್ತಾರೆ?