ಕೆರೆಯಿದ್ದೂ ನೀರು ಸಿಗದ ಬೆಂಕಿ

ಅಮೆರಿಕದಲ್ಲಿ ನಾನಿರುವ ಪೆನ್ಸಿಲ್ವೇನಿಯಾ ರಾಜ್ಯದ ಸಣ್ಣ ಊರುಗಳಲ್ಲಿ ಬೆಂಕಿ ಆರಿಸಲು ಬರುವವರು ಬಹುಪಾಲು ಸಂಬಳದವರಲ್ಲ. ಮೆಕ್ಯಾನಿಕ್, ಮೇಷ್ಟ್ರು, ರೈತ, ಹೀಗೆ ಪೇಜರ್ ಕೂಗಿದರೆ ಕೈಕೆಲಸ ಬಿಟ್ಟು ಓಡುವವರು. ಇದರ ಬೇರು 1736ರ ಫಿಲಡೆಲ್ಫಿಯಾದಲ್ಲಿದೆ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಕಟ್ಟಿದ ಯೂನಿಯನ್ ಫೈರ್ ಕಂಪನಿಯ (ಸ್ವಯಂಸೇವಕರ ಬೆಂಕಿ ದಳಕ್ಕೆ ಇಲ್ಲಿ ಕಂಪನಿ ಎನ್ನುತ್ತಾರೆ) ಕರಾರಿನಂತೆ ಪ್ರತಿ ಸದಸ್ಯ ಸ್ವಂತ ಖರ್ಚಿನಲ್ಲಿ ಎರಡು ಚರ್ಮದ ಬಕೆಟ್, ನಾಲ್ಕು ಬಟ್ಟೆ ಚೀಲ ಇಟ್ಟುಕೊಳ್ಳಬೇಕಿತ್ತು. ಬಕೆಟ್ ನೀರಿಗೆ, ಚೀಲ ಮನೆಯ ಸಾಮಾನು ಹೊರಗೆ ಸಾಗಿಸಲು. ತಪ್ಪಿದರೆ ಐದು ಶಿಲ್ಲಿಂಗ್ ದಂಡ. ಹಬೆಯಂತ್ರ ಬಂದ ಮೇಲೆ ಕೈಪಂಪು ಒತ್ತುವ ಜನ ಬೇಕಾಗಲಿಲ್ಲ; 1871ರಲ್ಲಿ ಫಿಲಡೆಲ್ಫಿಯಾ ಸಂಬಳದ ದಳಕ್ಕೆ ಬದಲಾಯಿತು. (ಪೈಪೋಟಿ ಕಂಪನಿಗಳು ಬೆಂಕಿ ಬಿಟ್ಟು ತಮ್ಮೊಳಗೇ ಬಡಿದಾಡುತ್ತಿದ್ದುದೂ ಒಂದು ಕಾರಣ.) ಸಣ್ಣ ಊರುಗಳು ಹಳೆಯ ದಾರಿಯಲ್ಲೇ ಉಳಿದವು.

ನಮ್ಮ ಕರ್ನಾಟಕದಲ್ಲಿ 1964ರ ಕಾಯ್ದೆಯಡಿ ಇಡೀ ರಾಜ್ಯಕ್ಕೆ ಒಂದೇ ಅಗ್ನಿಶಾಮಕ ಪಡೆ, ಠಾಣೆ ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದಲ್ಲಿ. ಸಿಬ್ಬಂದಿಯ ಸಾಮರ್ಥ್ಯ ಕಡಿಮೆಯೇನಲ್ಲ, ದೂರವೇ ತೊಡಕು. ಗಾಡಿ ಬರುವಷ್ಟರಲ್ಲಿ ಬಣವೆ ಬೂದಿ. ಹಾಗೆಂದು ಇಲ್ಲಿನ ಕಂಪನಿಯನ್ನೇ ಹಳ್ಳಿಗೆ ತನ್ನಿ ಎನ್ನಲಾರೆ. ಇಲ್ಲೇ ಅದು ಸೊರಗುತ್ತಿದೆ: 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸುಮಾರು 3 ಲಕ್ಷವಿದ್ದ ಸ್ವಯಂಸೇವಕರು 2018ರ ಹೊತ್ತಿಗೆ 38,000ದ ಆಸುಪಾಸಿಗೆ ಇಳಿದಿದ್ದರು. ಹಗಲಲ್ಲಿ ಎಲ್ಲರೂ ದೂರದ ಕೆಲಸದಲ್ಲಿ. ಬಿಂಗೋ (ತಂಬೋಲದಂಥ ಆಟ) ಆಡಿಸಿ ಎತ್ತಿದ ದುಡ್ಡಲ್ಲಿ ಲಕ್ಷಾಂತರ ಡಾಲರಿನ ಗಾಡಿ ಕೊಳ್ಳುವುದೆಂದರೆ!

ಕಲಿಯಬೇಕಾದ್ದು ನೀರಿನ ಲೆಕ್ಕ. ಗಾಡಿಯ ತೊಟ್ಟಿಯಲ್ಲಿ 1,000 ಗ್ಯಾಲನ್, ಅಂದರೆ ಸುಮಾರು 3,800 ಲೀಟರ್ ಇದ್ದರೂ ನಿಮಿಷಕ್ಕೆ 150 ಗ್ಯಾಲನ್ ಬಿಡುವ ಒಂದೇ ಪೈಪಿಗೆ ಅದು ಏಳು ನಿಮಿಷವೂ ಬರದು. ಅದಕ್ಕೇ ನಲ್ಲಿ ಜಾಲವಿಲ್ಲದ ಕಡೆ ಕೊಳದ ದಡದಲ್ಲಿ ‘ಡ್ರೈ ಹೈಡ್ರಂಟ್’ ನೆಡುತ್ತಾರೆ. ಕೊಳದೊಳಗಿಂದ ರಸ್ತೆಯಂಚಿನವರೆಗೆ ಹೂತ 6 ಇಂಚಿನ ಪಿವಿಸಿ ಪೈಪು, ನೀರೊಳಗಿನ ತುದಿಗೆ ಜಾಲರಿ, ಈಚೆ ತುದಿಗೆ ಗಾಡಿಯ ಸಕ್ಷನ್ ಪೈಪಿಗೆ ಹೊಂದುವ ಬಾಯಿ, ಅಷ್ಟೇ. ಜಾಲರಿಯ ಮೇಲೆ ಎರಡು ಅಡಿಯಾದರೂ ನೀರಿರಬೇಕು, ಇಲ್ಲವಾದರೆ ಸುಳಿ ಎದ್ದು ಗಾಳಿ ಹೀರುತ್ತದೆ. ವಾಷರ್ ಸವೆದಿದ್ದರೂ ಅದೇ ಪಾಡು. ನೀರಿನ ಮಟ್ಟದಿಂದ ಪಂಪು 15–20 ಅಡಿಗಿಂತ ಮೇಲಿದ್ದರೆ ಎಳೆತ ಸೋಲುತ್ತದೆ. ಬಾವಿಗೆ ಮೋಟರ್ ಕೂರಿಸಿದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇಲ್ಲಿ ಹೆದರಿಕೆ ಚಳಿಯದು, ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪೈಪು ಹೂಳುತ್ತಾರೆ. ನಮ್ಮ ಕೆರೆಗಳಲ್ಲಿ ಹೆದರಿಕೆ ಹೂಳಿನದು, ಬೇಸಿಗೆಯದು. ಬೆಂಕಿ ಬೀಳುವ ಮಾರ್ಚ್-ಏಪ್ರಿಲ್‌ನಲ್ಲೇ ನೀರು ಇಳಿದಿರುತ್ತದೆ. ಜಾಲರಿ ಇಡಬೇಕಾದ್ದು ಆ ಮಟ್ಟ ನೋಡಿ. ಪೂರ್ತಿ ಬತ್ತುವ ಕೆರೆಗೆ ಈ ಖರ್ಚೇ ಬೇಡ. ಬಾಯಿಯ ಅಳತೆ ತಾಲ್ಲೂಕು ಠಾಣೆಯ ಗಾಡಿಗೆ ಹೊಂದದಿದ್ದರೆ ಎಲ್ಲವೂ ವ್ಯರ್ಥ. ವರ್ಷಕ್ಕೊಮ್ಮೆಯಾದರೂ ಹಿಮ್ಮುಖವಾಗಿ ನೀರು ನುಗ್ಗಿಸಿ ತೊಳೆಯಬೇಕು. ಕೆರೆ ನೀರು ಹಂಚುವ ನೀರುಗಂಟಿ ಇನ್ನೂ ಇರುವ ಊರಲ್ಲಿ ಈ ಹೊಣೆ, ಗೌರವಧನದ ಸಮೇತ, ಅವರಿಗೇ ಸಲ್ಲಲಿ. ಇಲ್ಲದ ಕಡೆ ಪಂಚಾಯಿತಿ ವಾಟರ್‌ಮ್ಯಾನ್ ಇದ್ದಾರೆ.