ಹಳೇ ಸಿಪಿಯುಗೆ ಹೊಸ ಡಿಸ್ಕ್ ಹಾಕುವ ಮುಂಚೆ ಬೋರ್ಡ್ ನೋಡಿ

ಹತ್ತು-ಹನ್ನೆರಡು ವರ್ಷದ ಡೆಸ್ಕ್‌ಟಾಪ್‌ಗೆ ಹೊಸ ಡಿಸ್ಕ್ ಹಾಕಿ, "ತಗೋತಾನೇ ಇಲ್ಲ" ಅಂತ ಜನ ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಅದರಲ್ಲಿ ಎಷ್ಟೋ ಡಿಸ್ಕುಗಳಿಗೆ ಏನೂ ಆಗಿರುವುದಿಲ್ಲ. ಕೈ ಕೊಟ್ಟಿರುವುದು ಮದರ್‌ಬೋರ್ಡ್, ಬಯಾಸ್ (ಯಂತ್ರ ಏಳುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್, ವಯರ್, ಇಲ್ಲವೇ ನಾಣ್ಯದಷ್ಟಗಲದ ಒಂದು ಬ್ಯಾಟರಿ. ದುಡ್ಡು ಕೊಡುವ ಮುಂಚೆ ಮುಚ್ಚಳ ತೆಗೆದು ಟಾರ್ಚ್ ಹಾಕಿ. ಸ್ಲಾಟ್‌ಗಳ ನಡುವೆ ಬೋರ್ಡಿನ ಮಾಡೆಲ್ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ಕೋರ್ 2 ಡುಯೊ ಕಾಲದ ಜಿ41 ಬೋರ್ಡ್, ಎರಡನೇ-ಮೂರನೇ ತಲೆಮಾರಿನ ಐ3 ಕಾಲದ ಎಚ್61 ಬೋರ್ಡ್ ಇವತ್ತಿಗೂ ಓಡುತ್ತಿವೆ. ಎರಡರಲ್ಲೂ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಸೆಕೆಂಡಿಗೆ 3 ಗಿಗಾಬಿಟ್‌ನದು. ಎಸ್‌ಎಸ್‌ಡಿ ಡಬ್ಬದ ಮೇಲೆ ಸೆಕೆಂಡಿಗೆ 550 ಎಂಬಿ ಎಂದಿದ್ದರೂ ಇಲ್ಲಿ ಸಿಗುವುದು 250-270. ಹಾಗಂತ ಎಸ್‌ಎಸ್‌ಡಿ ದಂಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ 4.2 ಮಿಲಿಸೆಕೆಂಡ್ ಹೋಗುತ್ತದೆ, ಹೆಡ್ ಸರಿದಾಡುವುದಕ್ಕೆ ಇನ್ನೊಂದು ಎಂಟು-ಒಂಬತ್ತು. ಎಸ್‌ಎಸ್‌ಡಿಗೆ ಈ ಓಡಾಟವೇ ಇಲ್ಲ. ವಿಂಡೋಸ್ ಏಳುವಾಗ ಓದುವುದು ಸಾವಿರಾರು ಚಿಕ್ಕ ಫೈಲುಗಳನ್ನು, ಹಾಗಾಗಿ ಪೋರ್ಟ್ ನಿಧಾನವಿದ್ದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 240 ಜಿಬಿ ಸಾಟಾ ಎಸ್‌ಎಸ್‌ಡಿ ವಿಂಡೋಸಿಗೆ, ದೊಡ್ಡ ಹಾರ್ಡ್ ಡಿಸ್ಕ್ ಫೋಟೊ-ವಿಡಿಯೊಗೆ: ಇಂಥ ಯಂತ್ರಕ್ಕೆ ಇಷ್ಟು ಸಾಕು. ಸಾಟಾಗಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಬೇಡ. ಪಿಸಿಐಇ ಕಾರ್ಡಿನಲ್ಲಿ ಕೂರಿಸಿದರೆ ವಿಂಡೋಸ್ 10 ಅದನ್ನು ನೋಡುತ್ತದೆ, ಆದರೆ ಇಂಥ ಹಳೇ ಬಯಾಸ್‌ಗೆ ಅದರಿಂದ ಬೂಟ್ ಮಾಡಲು ಬರುವುದಿಲ್ಲ.

ಇನ್ನೂ ಹಳೆಯ, ವಿಯಾ ವಿಟಿ8237 ಚಿಪ್ ಇರುವ ಬೋರ್ಡುಗಳ ರೋಗ ಬೇರೆ. ವೇಗದ ಡಿಸ್ಕ್ ಕಂಡರೆ ಅವು ಸುಮ್ಮನಾಗಿಬಿಡುತ್ತವೆ. ಕೆಲವು ಹಾರ್ಡ್ ಡಿಸ್ಕುಗಳ ಹಿಂದಿರುವ ಪಿನ್ನುಗಳಿಗೆ ಜಂಪರ್ (ಎರಡು ಪಿನ್ ಕೂಡಿಸುವ ಚಿಕ್ಕ ಟೋಪಿ) ಹಾಕಿ 1.5 ಗಿಗಾಬಿಟ್‌ಗೆ ಇಳಿಸಬಹುದು. ಎಸ್‌ಎಸ್‌ಡಿಗೆ ಆ ಜಂಪರ್ ಇರುವುದಿಲ್ಲ.

2 ಟಿಬಿ ದಾಟಿದರೆ ಲೆಕ್ಕದ ತೊಡಕು. ಡಿಸ್ಕಿನ ಜಾಗ ಹಂಚಿ ಗುರುತಿಡುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಸಂಖ್ಯೆಗೆ 32 ಬಿಟ್ ಜಾಗ, ಅಂದರೆ ಸುಮಾರು 429 ಕೋಟಿ ಸೆಕ್ಟರ್. ಒಂದಕ್ಕೆ 512 ಬೈಟ್, ಒಟ್ಟು 2.2 ಟಿಬಿ. ಅದರಾಚೆಯ ಜಾಗ ಇದ್ದೂ ಇಲ್ಲದ ಹಾಗೆ. 4 ಟಿಬಿ ಡಿಸ್ಕ್ ಜೋಡಿಸಿದಾಗ ಡಿಸ್ಕ್ ಮ್ಯಾನೇಜ್‌ಮೆಂಟ್ "ಎಂಬಿಆರೋ ಜಿಪಿಟಿಯೋ" ಅಂತ ಕೇಳುತ್ತದೆ. ಅವಸರಕ್ಕೆ ಓಕೆ ಒತ್ತಬೇಡಿ, ಈ ಮಿತಿ ದಾಟಬಲ್ಲ ಹೊಸ ಪದ್ಧತಿಯಾದ ಜಿಪಿಟಿ ಆರಿಸಿ. ಆಮೇಲೆ ಅಲ್ಲೇ ಬದಲಿಸಬೇಕೆಂದರೆ ಪಾರ್ಟಿಷನ್‌ಗಳನ್ನೆಲ್ಲ ಅಳಿಸಬೇಕು. ಬಯಾಸ್ ಹಳೆಯದಾದರೂ ವಿಂಡೋಸ್ 7, 10 ಜಿಪಿಟಿ ಡಿಸ್ಕನ್ನು ಡೇಟಾಗೆ ಬಳಸುತ್ತವೆ, ಅದರಿಂದ ಬೂಟ್ ಮಾತ್ರ ಆಗದು. 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಗೊತ್ತೇ ಇಲ್ಲ. 3 ಟಿಬಿ ಡಿಸ್ಕ್ 746 ಜಿಬಿ ಅಂತ ತೋರಿಸಿದರೆ ಗಾಬರಿ ಬೇಡ, ಹಳೇ ಸ್ಟೋರೇಜ್ ಡ್ರೈವರ್ 2.2 ಟಿಬಿ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡಿದೆ ಅಷ್ಟೇ. ಡ್ರೈವರ್ ಹೊಸದು ಹಾಕುವವರೆಗೆ ಅದರಲ್ಲಿ ಏನನ್ನೂ ಬರೆಯಬೇಡಿ.

ಹಳೇ ಎಸ್‌ಎಂಪಿಎಸ್‌ನಲ್ಲಿ (ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬ) ಸಾಟಾ ಪವರ್ ಪ್ಲಗ್ ಸಾಲದಿದ್ದರೆ ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ಗಿಗೆ ಕನ್ವರ್ಟರ್ ಹಾಕುತ್ತಾರೆ. ಕನೆಕ್ಟರಿನೊಳಗೆ ವಯರುಗಳನ್ನು ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ ಅಗ್ಗದ ಕನ್ವರ್ಟರ್ ಕೊಳ್ಳಬೇಡಿ. ಒಳಗೆ 12 ವೋಲ್ಟಿನ ತಂತಿ ಪಕ್ಕದ್ದಕ್ಕೆ ತಾಗಿ ಸುಟ್ಟುಹೋಗುವುದುಂಟು. ಪಿನ್ನುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದು ಸಿಗುತ್ತದೆ, ಅದನ್ನೇ ಕೇಳಿ. ಒಂದು ತಮಾಷೆಯೂ ಇದೆ. ಎಕ್ಸ್‌ಟರ್ನಲ್ ಡಬ್ಬದಿಂದ ಬಿಚ್ಚಿದ ಕೆಲವು ದೊಡ್ಡ ಡಿಸ್ಕುಗಳು ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ತಿರುಗುವುದೇ ಇಲ್ಲ, ಹೊಸ ನಿಯಮದಲ್ಲಿ ಆ ಪಿನ್ ಡಿಸ್ಕನ್ನು ಆಫ್ ಮಾಡುವ ಸ್ವಿಚ್ಚು. ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ಇಲ್ಲದ ಕಾರಣ ಅದೇ ಡಿಸ್ಕ್ ಕನ್ವರ್ಟರಿನಲ್ಲಿ ಸಲೀಸಾಗಿ ಓಡುತ್ತದೆ.

ಈಗ ಆ ಬ್ಯಾಟರಿ. ಬಯಾಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಇಟ್ಟು ವಿಂಡೋಸ್ ಹಾಕಿರುತ್ತೀರಿ. ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದ ಮರುಗಳಿಗೆ ಸೆಟ್ಟಿಂಗ್ ಅಳಿಸಿಹೋಗಿ, ಎಷ್ಟೋ ಬೋರ್ಡುಗಳಲ್ಲಿ ಹಳೇ ರೀತಿಯಾದ ಐಡಿಇಗೆ ಮರಳುತ್ತದೆ. ಮುಂದಿನ ಸಲ ನೀಲಿ ಪರದೆ, "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ಎಸ್‌ಎಸ್‌ಡಿ ಹೋಯಿತು ಅಂತ ಎಲ್ಲರೂ ತೀರ್ಮಾನಿಸುವುದು ಇಲ್ಲೇ. ಬಯಾಸ್‌ನ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗಿದೆಯೇ ನೋಡಿ. ಹೋಗಿದ್ದರೆ ಬ್ಯಾಟರಿ ಬದಲಿಸಿ ಮೋಡ್ ಮೊದಲಿನಂತೆ ಇಡಿ. ಐಡಿಇಯಲ್ಲಿರುವ ವಿಂಡೋಸ್ 10 ಅನ್ನು ನೀವೇ ಎಎಚ್‌ಸಿಐಗೆ ತರಬೇಕಿದ್ದರೆ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ನಲ್ಲಿ ಮೋಡ್ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಟಿಕ್ ತೆಗೆಯಿರಿ. ಜಿ41ನವರಿಗೆ ಈ ಉಸಾಬರಿ ಇಲ್ಲ, ಅದರ ಜೊತೆ ಬರುವ ಐಸಿಎಚ್7 ಚಿಪ್ಪಿನಲ್ಲಿ ಎಎಚ್‌ಸಿಐ ಇಲ್ಲ.

ಹಳೇ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ನಕಲು (ಕ್ಲೋನ್) ಮಾಡಿದರೆ ವಿಂಡೋಸಿನ ಎಂಎಸ್‌ಇನ್ಫೋ32 ತೆರೆದು ಡಿಸ್ಕ್ಸ್ ಕೆಳಗೆ ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್ ನೋಡಿ. 10,48,576 ಇದ್ದರೆ ಸರಿ. 32,256 ಇದ್ದರೆ ಎಕ್ಸ್‌ಪಿ ಕಾಲದ 63ನೇ ಸೆಕ್ಟರಿನ ಆರಂಭ ಹಾಗೇ ಬಂದಿದೆ. ಹೊಸ ಡಿಸ್ಕಿನ 4096 ಬೈಟಿನ ಸೆಕ್ಟರುಗಳಿಗೆ ಅದು ಹೊಂದದೆ ಬರವಣಿಗೆ ನಿಧಾನವಾಗುತ್ತದೆ.

ಹೊಸದಾಗಿ ವಿಂಡೋಸ್ ಹಾಕುವುದಾದರೆ ಹಳೇ ಡಿಸ್ಕಿನ ಕೇಬಲ್ ಕಿತ್ತಿಟ್ಟೇ ಹಾಕಿ. ಇಲ್ಲದಿದ್ದರೆ ಬೂಟ್ ಫೈಲುಗಳು ಅದರಲ್ಲೇ ಕೂತುಬಿಡಬಹುದು, ಆಗ ಅದನ್ನು ತೆಗೆದ ದಿನ ಹೊಸ ಎಸ್‌ಎಸ್‌ಡಿ ಏಳುವುದಿಲ್ಲ. ಹಾಗೇ ಕ್ಲಿಪ್ ಇಲ್ಲದ ಹಳೇ ಸಾಟಾ ಕೇಬಲ್ ಕೂಡ ಬದಲಿಸಿ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸಿ7 ಸಾಲಿನ (ಡೇಟಾ ಸಾಗುವಾಗಿನ ತಪ್ಪುಗಳ ಲೆಕ್ಕ) ಅಂಕಿ ವಾರವಾರ ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಕೇಬಲ್ಲನ್ನು. ಡಿಸ್ಕಿನದೇ ಕೆಟ್ಟ ಸೆಕ್ಟರುಗಳನ್ನು ಎಣಿಸುವ 05, ಸಿ5 ಸಾಲುಗಳು ಏರಿದರೆ ಮಾತ್ರ ಬಿಲ್ ಹುಡುಕಿಕೊಂಡು ಅಂಗಡಿಗೆ ಹೋಗಿ.